ಹ್ಯಾವಕ್ ಅಂದರೆ ವಿನಾಶವೇ?

ಪ್ರಶ್ನೆ: ಸುದ್ದಿ ಅನುವಾದದ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ‘ರೇನ್ ರೀಕ್ಸ್ ಹ್ಯಾವಕ್ ಇನ್ ಬೆಂಗಳೂರು’ ಎಂಬ ತಲೆಬರಹವನ್ನು ‘ಮಳೆಯಿಂದ ಬೆಂಗಳೂರು ವಿನಾಶ’ ಎಂದು ಬರೆದೆ. ಹಿರಿಯರೊಬ್ಬರು ನಕ್ಕು ‘ಮಳೆ ಅವಾಂತರ’ ಎಂದು ತಿದ್ದಿದರು. ನಿಘಂಟಿನಲ್ಲಿ ಹ್ಯಾವಕ್ ಎಂದರೆ ವಿನಾಶ, ಧ್ವಂಸ ಎಂದೇ ಇದೆಯಲ್ಲ? ಇನ್ನೊಂದು, ಅದರ ಹಿಂದೆ ಬರುವ ಪದ ‘ರೀಕ್’ ಅಂತಲೋ ‘ರೆಕ್’ ಅಂತಲೋ? ನಮ್ಮ ‘ಹಾವಳಿ’ಯೇ ಇಂಗ್ಲಿಷಿಗೆ ಹೋಗಿ ಹ್ಯಾವಕ್ ಆಯಿತು ಎಂದು ಗೆಳೆಯನೊಬ್ಬ ವಾದಿಸುತ್ತಾನೆ. ಇದು ನಿಜವೇ?

ಉತ್ತರ: ನಿಮ್ಮ ಹಿರಿಯರು ತಿದ್ದಿದ್ದು ಸರಿ. ಹಾಗಂತ ನಿಘಂಟು ಸುಳ್ಳು ಹೇಳಿದೆ ಅಂತಲ್ಲ. ಹ್ಯಾವಕ್ ಪದದೊಳಗೆ ವಿನಾಶ ಇದೆ, ಆದರೆ ಅದು ಅರ್ಧ ಮಾತ್ರ. ಉಳಿದರ್ಧ ಹಿಡಿತ ತಪ್ಪುವುದು. ಲಗಾಮು ಕಳಚಿದ ಮೇಲೆ ಆಗುವ ಹಾನಿ, ಗೊಂದಲ, ಚೆಲ್ಲಾಪಿಲ್ಲಿ ಎಲ್ಲ ಸೇರಿ ಹ್ಯಾವಕ್. ಎಷ್ಟು ಮನೆ ಬಿತ್ತು, ಎಷ್ಟು ಕೋಟಿ ನಷ್ಟವಾಯಿತು ಎಂಬ ಲೆಕ್ಕ ಈ ಪದಕ್ಕೆ ಅಷ್ಟು ಮುಖ್ಯವಲ್ಲ. ಯಾರ ಕೈಗೂ ಸಿಗದೆ ನಡೆದುಹೋಯಿತು ಎನ್ನುವುದು ಮುಖ್ಯ.

ಹೀಗೇಕೆ ಎಂದು ತಿಳಿಯಲು ಪದ ಹುಟ್ಟಿದ ಜಾಗಕ್ಕೆ ಹೋಗಬೇಕು. ಅದು ಯುದ್ಧಭೂಮಿ.

ಮಧ್ಯಯುಗದ ಇಂಗ್ಲೆಂಡಿನ ಸೈನಿಕ ಬರೀ ಸಂಬಳ ನಂಬಿ ಯುದ್ಧಕ್ಕೆ ಹೋಗುತ್ತಿರಲಿಲ್ಲ. ಸೂರೆಯಲ್ಲಿ ಅವನಿಗೆ ಪಾಲಿತ್ತು. ಸೆರೆ ಸಿಕ್ಕ ಶ್ರೀಮಂತನನ್ನು ಬಿಡಿಸಿಕೊಳ್ಳಲು ಅವನ ಮನೆಯವರು ಕೊಡುವ ಹಣದಲ್ಲೂ ಪಾಲಿತ್ತು. ಸೈನಿಕ ತನಗೆ ಸಿಕ್ಕಿದ್ದರಲ್ಲಿ ಮೂರನೇ ಒಂದು ಭಾಗವನ್ನು ತನ್ನ ನಾಯಕನಿಗೆ ಕೊಡಬೇಕು, ನಾಯಕ ತನಗೆ ಬಂದದ್ದರಲ್ಲಿ ಮೂರನೇ ಒಂದನ್ನು ರಾಜನಿಗೆ ಕೊಡಬೇಕು ಎಂಬ ವಾಡಿಕೆಯೇ ಇತ್ತು. ಅಂದರೆ ಸೂರೆ ಕದ್ದುಮುಚ್ಚಿ ನಡೆಯುವ ಕೆಲಸವಾಗಿರಲಿಲ್ಲ. ಅದಕ್ಕೊಂದು ಲೆಕ್ಕಪತ್ರ ಇತ್ತು. ಹೊತ್ತುಗೊತ್ತೂ ಇತ್ತು. ಗೆಲುವು ಖಚಿತವಾಗಿ, ಮೇಲಿನಿಂದ ಅಪ್ಪಣೆ ಬಂದ ಮೇಲೆ ಮಾತ್ರ ಸೈನಿಕರು ಸಾಲು ಬಿಟ್ಟು ನುಗ್ಗಬಹುದಿತ್ತು. ಆ ಅಪ್ಪಣೆಯ ಕೂಗೇ ‘ಹ್ಯಾವಕ್!’ ಹಳೆಯ ಫ್ರೆಂಚಿನಲ್ಲಿ ಸೂರೆಗೆ ‘ಹಾವೊಟ್’ ಎನ್ನುತ್ತಿದ್ದರು. ಇಂಗ್ಲೆಂಡಿನ ಆಳುವ ವರ್ಗದವರು ಆಡುತ್ತಿದ್ದ ಫ್ರೆಂಚಿನಲ್ಲಿ ಅದರ ಕೊನೆಯ ಸದ್ದು ಬದಲಾಗಿ ‘ಹಾವೊಕ್’ ಆಯಿತು.

ಈಗ ಯೋಚಿಸಿ. ಯುದ್ಧ ಇನ್ನೂ ನಡೆಯುತ್ತಿದೆ. ಯಾರೋ ಒಬ್ಬ ಆಸೆಬುರುಕ ಹೊತ್ತಿಗೆ ಮುಂಚೆಯೇ ‘ಹ್ಯಾವಕ್’ ಎಂದು ಕೂಗಿಬಿಟ್ಟ. ಪಕ್ಕದವನು ಕೇಳಿಸಿಕೊಂಡ, ಅವನ ಪಕ್ಕದವನೂ ಕೇಳಿಸಿಕೊಂಡ. ತಾನು ಹಿಂದೆ ಬಿದ್ದರೆ ಪಾಲು ಹೋಯಿತು ಎಂದು ಎಲ್ಲರೂ ಸಾಲು ಮುರಿದು ಓಡಿದರು. ಶತ್ರು ತಿರುಗಿ ಬಿದ್ದರೆ ಗೆದ್ದ ಯುದ್ಧವೂ ಸೋತಂತೆಯೇ. ಅದಕ್ಕೇ ರಾಜರಿಗೆ ಈ ಕೂಗಿನ ಮೇಲೆ ಅಷ್ಟು ಭಯ. 1385ರಲ್ಲಿ ಎರಡನೆಯ ರಿಚರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೊರಟಾಗ ಡರಮ್ ಊರಿನಲ್ಲಿ ಸೇನೆಗೆ ನಿಯಮಗಳನ್ನು ಹೊರಡಿಸಿದ. ಅವುಗಳಲ್ಲಿ ಒಂದು, ಯಾರೂ ‘ಹಾವೊಕ್’ ಎಂದು ಕೂಗುವ ಧೈರ್ಯ ಮಾಡಬಾರದು, ಕೂಗಿದರೆ ತಲೆ ಹೋಗುತ್ತದೆ ಎಂದು. ಒಂದು ಪದ ಕೂಗಿದ್ದಕ್ಕೆ ತಲೆದಂಡ! ಮುಂದೆ ಐದನೆಯ ಹೆನ್ರಿಯ ಸೇನಾ ನಿಯಮಗಳಲ್ಲೂ ಈ ಕೂಗಿಗೆ ತಡೆ ಇತ್ತು.

ಆದ್ದರಿಂದ ಮೂಲದಲ್ಲಿ ಹ್ಯಾವಕ್ ಅಂದರೆ ನಾಶವಲ್ಲ, ಒಂದು ಕೂಗು. ‘ಇನ್ನು ತಡೆಯಿಲ್ಲ, ನುಗ್ಗಿ’ ಎನ್ನುವ ಕೂಗು. ನಾಶ ಅದರ ಫಲ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಹಳೆಯ ಪದ ‘ಸೂರೆ’ಯೇ. ಸೂರೆಗೊಳ್ಳು, ಸೂರೆಹೋಗು ಎಂದೆಲ್ಲ ಹೇಳುತ್ತೇವೆ. ವಿಚಿತ್ರ ನೋಡಿ, ಇಂಗ್ಲಿಷಿನ ಸೂರೆ ಅವ್ಯವಸ್ಥೆಯ ಕಡೆಗೆ ಜಾರಿತು. ನಮ್ಮ ಸೂರೆ ‘ಮನಸೂರೆ’ಯಾಗಿ ಸಂಗೀತ ಕಛೇರಿಯ ವರದಿಗೆ ಬಂದು ಕೂತಿತು. ಕೂಗಿನ ವಿಷಯದಲ್ಲಿ ಇನ್ನೊಂದು ವ್ಯತ್ಯಾಸ ನನಗೆ ಜಾಸ್ತಿ ಹಿಡಿಸುತ್ತದೆ. ನಮ್ಮ ವೀರಗಲ್ಲುಗಳ ಶಾಸನಗಳಲ್ಲಿ ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಪದಗಳು ಬರುತ್ತವೆ. ದನ ಹೊಡೆದುಕೊಂಡು ಹೋಗುವುದು, ಊರು ಹಾಳುಗೆಡವುವುದು, ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಏಳುವ ಕೂಗು. ಇವುಗಳನ್ನು ತಡೆಯಲು ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸುತ್ತಿದ್ದರು. ಪೆಣ್ಬುಯ್ಯಲಿನ ‘ಪುಯ್ಯಲ್’ ಮುಂದೆ ‘ಹುಯ್ಯಲ್’, ಈಗಿನ ‘ಹುಯಿಲು’. ಅಲ್ಲಿ ಸೂರೆ ಮಾಡುವವನು ಕೂಗಿದ ಪದ ಉಳಿಯಿತು. ಇಲ್ಲಿ ಸೂರೆಗೆ ಸಿಕ್ಕವರು ಕೂಗಿದ್ದು ಉಳಿಯಿತು.

ಹ್ಯಾವಕ್ ಪದದ ಮಾತು ಬಂದರೆ ಶೇಕ್ಸ್‌ಪಿಯರ್‌ನನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1599ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ‘ಜೂಲಿಯಸ್ ಸೀಸರ್’ ನಾಟಕದ ಮೂರನೇ ಅಂಕ. ಕೊಲೆಯಾದ ರೋಮಿನ ನಾಯಕ ಸೀಸರನ ಹೆಣದ ಮುಂದೆ ಒಬ್ಬನೇ ನಿಂತ ಅವನ ಗೆಳೆಯ ಆಂಟನಿ, ಸೀಸರನ ಪ್ರೇತ ಸೇಡಿಗಾಗಿ ಎದ್ದು ಬಂದು ‘ಹ್ಯಾವಕ್’ ಎಂದು ಕೂಗಿ ಯುದ್ಧದ ನಾಯಿಗಳನ್ನು ಬಿಡುತ್ತದೆ ಎನ್ನುತ್ತಾನೆ. ನಾಯಿಗಳ ಮಾತು ಎಲ್ಲರಿಗೂ ಗೊತ್ತು. ಆದರೆ ಅದೇ ವಾಕ್ಯದಲ್ಲಿ ಸ್ವಲ್ಪ ಮುಂಚೆ ಬರುವ ಒಂದು ತುಣುಕನ್ನು ಓದುಗರು ಸುಮ್ನೆ ದಾಟಿಬಿಡುತ್ತಾರೆ. ಪ್ರೇತ ಕೂಗುವುದು ‘ರಾಜನ ದನಿಯಲ್ಲಿ’. 1385ರ ನಿಯಮ ನೆನಪಿಟ್ಟುಕೊಂಡು ಇದನ್ನು ಓದಿ. ಈ ಕೂಗು ಕೂಗುವ ಅಧಿಕಾರ ಸಿಕ್ಕಸಿಕ್ಕವರಿಗೆ ಇರಲಿಲ್ಲ. ಸೀಸರ್ ರಾಜನಾಗಿಬಿಡುತ್ತಾನೆ ಎಂಬ ಹೆದರಿಕೆಯಿಂದಲೇ ಅವನನ್ನು ಕೊಂದರು. ಆಂಟನಿ ಸತ್ತವನಿಗೆ ಅದೇ ರಾಜನ ದನಿ ಕೊಡುತ್ತಾನೆ. ಹ್ಯಾವಕ್ ಅಂದರೆ ಬರೀ ವಿನಾಶ ಎಂದುಕೊಂಡರೆ ಈ ಕುಟುಕು ಕೈಗೆ ಸಿಗುವುದೇ ಇಲ್ಲ.

ಕಾಲ ಹೋದಂತೆ ಸೇನೆಗಳ ರೀತಿ ಬದಲಾಯಿತು, ಕೂಗು ನಿಂತಿತು, ಫಲದ ಹೆಸರು ಉಳಿಯಿತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಸೌಲನು ಮನೆಮನೆ ಹೊಕ್ಕು ಕ್ರೈಸ್ತರನ್ನು ಎಳೆದೊಯ್ದು ಸೆರೆಗೆ ಹಾಕಿದ್ದನ್ನು ಹೇಳುವಾಗ ಅವನು ಕ್ರೈಸ್ತ ಸಭೆಯ ಮೇಲೆ ಹ್ಯಾವಕ್ ಮಾಡಿದ ಎಂದೇ ಇದೆ. ಅಲ್ಲಿ ಯಾವ ಕೂಗೂ ಇಲ್ಲ, ಸೂರೆಯೂ ಇಲ್ಲ. ಆಮೇಲೆ ಬಿರುಗಾಳಿ, ರೋಗ, ಇಲಿ, ಮಿಡತೆ ಎಲ್ಲವೂ ಹ್ಯಾವಕ್ ಮಾಡತೊಡಗಿದವು. ಈಗ ಕಂಪ್ಯೂಟರ್ ಕೂಡ ಮಾಡುತ್ತದೆ.

2024ರ ಜುಲೈ 19 ನೆನಪಿದೆಯಾ? ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್ ಕೆಟ್ಟು ಲೋಕದ ತುಂಬ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ಮೈಕ್ರೋಸಾಫ್ಟ್ ಹೇಳಿದ ಪ್ರಕಾರ ಸುಮಾರು 85 ಲಕ್ಷ ಯಂತ್ರಗಳು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಒಂದು ಗೋಡೆಯೂ ಬೀಳಲಿಲ್ಲ, ಒಂದು ಗಾಜೂ ಒಡೆಯಲಿಲ್ಲ. ಆದರೂ ಇಂಗ್ಲಿಷಿನಲ್ಲಿ ಅದನ್ನು ಹ್ಯಾವಕ್ ಎನ್ನಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಅದನ್ನು ನೀವು ‘ವಿಮಾನ ನಿಲ್ದಾಣಗಳ ವಿನಾಶ’ ಎಂದು ಕನ್ನಡಿಸಿದರೆ ಓದುಗ ಬಾಂಬ್ ಬಿತ್ತು ಎಂದುಕೊಳ್ಳುತ್ತಾನೆ, ಅಲ್ವಾ?

ನಿಮ್ಮ ಬೆಂಗಳೂರಿನ ಮಳೆಯೂ ಹೀಗೇ. 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆಯ ಸುತ್ತ ನೀರು ನಿಂತು, ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಅದು ಹ್ಯಾವಕ್. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಕುಸಿದು ಮನೆ, ತೋಟ, ದಾರಿ ಎಲ್ಲ ಕೊಚ್ಚಿಹೋದವು. ಅಲ್ಲಿ ಇಂಗ್ಲಿಷಿನಲ್ಲಿ ನಾನಾದರೆ ‘ಡೆವಸ್ಟೇಶನ್’ ಎಂದು ಬರೆಯುತ್ತೇನೆ. 2024ರ ಜುಲೈ ಕೊನೆಯಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕಡೆ ಒಂದು ರಾತ್ರಿಯಲ್ಲಿ ನೂರಾರು ಜನ ಮಣ್ಣುಪಾಲಾದರು. ಅದಕ್ಕೆ ಹ್ಯಾವಕ್ ಎಂದರೆ ವ್ಯಾಕರಣ ತಪ್ಪೇನೂ ಆಗದು. ನಿಘಂಟೂ ಒಪ್ಪುತ್ತದೆ. ಆದರೂ ಕಿವಿಗೆ ಹಗುರ ಕೇಳಿಸುತ್ತದೆ. ಟ್ರಾಫಿಕ್ ಜಾಮಿಗೂ ಶಾಲಾ ಮಕ್ಕಳ ಗಲಾಟೆಗೂ ಬಳಸಿ ಬಳಸಿ ಪದ ಸವೆದಿದೆ. ಸಾವಿನ ಮುಂದೆ ಅದನ್ನು ಇಡದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಡೆವಸ್ಟೇಶನ್ ಹೆಸರು ಬಂತಲ್ಲ, ಅದರ ಮೂಲದ ಲ್ಯಾಟಿನ್ ಪದಕ್ಕೆ ಬರಿದು, ಪಾಳು ಎಂಬ ಅರ್ಥ. ನಮ್ಮ ‘ಬಟಾಬಯಲು’ ಅದಕ್ಕೆ ಸರಿಯಾಗಿ ಕೂರುತ್ತದೆ. ‘ಅನೈಹಿಲೇಶನ್’ ಒಳಗೆ ಇರುವುದು ‘ಏನೂ ಇಲ್ಲ’ ಎಂಬ ಲ್ಯಾಟಿನ್ ಪದ. ಅದಕ್ಕೆ ‘ನಿರ್ನಾಮ’. ‘ಡೆಮಾಲಿಶನ್’ ಯೋಜನೆ ಹಾಕಿ ಕಟ್ಟಡ ಕೆಡವುವುದು. ಜೆಸಿಬಿ ತಂದು ಅಕ್ರಮ ಕಟ್ಟಡ ಕೆಡವಿದ ಪಾಲಿಕೆ ಹ್ಯಾವಕ್ ಮಾಡಿತು ಎಂದು ಬರೆದರೆ ನೀವು ಪಾಲಿಕೆಯನ್ನು ಬೈದಂತೆ. ‘ಡಿಸ್ಟ್ರಕ್ಷನ್’ ಎಲ್ಲಕ್ಕಿಂತ ತಣ್ಣನೆಯ ಪದ. ಕಚೇರಿಯ ಹಳೇ ಕಡತ ಸುಡುವುದಕ್ಕೂ, ಅಬಕಾರಿಯವರು ವಶಪಡಿಸಿಕೊಂಡ ಮದ್ಯ ಚೆಲ್ಲುವುದಕ್ಕೂ ಅದೇ. ಅಲ್ಲಿ ಸಹಿ, ಸಾಕ್ಷಿ, ಪಂಚನಾಮೆ ಎಲ್ಲ ಇರುತ್ತದೆ. ಪಂಚನಾಮೆ ಮಾಡಿ ಹ್ಯಾವಕ್ ಮಾಡಲು ಆಗುವುದಿಲ್ಲ.

ಹ್ಯಾವಕ್ ಜೊತೆ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ‘ಮೇಹೆಮ್’ ಪದವನ್ನು. ಈಗಿನ ಬಳಕೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಗೊಂದಲ. ಮೂಲ ಮಾತ್ರ ಬೇರೆ. ಮೇಹೆಮ್ ಇಂಗ್ಲೆಂಡಿನ ಕಾನೂನಿನ ಪದ. ಒಬ್ಬನಿಗೆ ಹೋರಾಡಲು ಬೇಕಾದ ಅಂಗವನ್ನು ಊನ ಮಾಡುವ ಅಪರಾಧ ಅದು. ಕೈ, ಕಣ್ಣು, ಮುಂದಿನ ಹಲ್ಲು ಹೋದರೆ ಮೇಹೆಮ್. ಕಿವಿ, ಮೂಗು ಕೊಯ್ದರೆ ಅಲ್ಲ, ಯಾಕೆಂದರೆ ಅದರಿಂದ ಮುಖ ಕೆಡುತ್ತದೆಯೇ ಹೊರತು ಕಾದಾಡುವ ಶಕ್ತಿ ಹೋಗುವುದಿಲ್ಲ ಎಂದು ಹಳೆಯ ವಕೀಲರ ತರ್ಕ. ಹಾಗಾಗಿ ಇಂದಿಗೂ ಮೇಹೆಮ್ ಎಂದಾಗ ಕೈಕೈ ಮಿಲಾಯಿಸಿದ ವಾಸನೆ ಸ್ವಲ್ಪ ಇರುತ್ತದೆ. ಮಳೆ ಮೇಹೆಮ್ ಮಾಡಿತು ಎನ್ನುವುದು ಕಡಿಮೆ, ಗುಂಪು ಮಾಡಿತು ಎನ್ನುವುದು ಹೆಚ್ಚು.

ಇನ್ನು ಕನ್ನಡಕ್ಕೆ ತರುವ ಮಾತು. ಸುದ್ದಿಮನೆಯಲ್ಲಿ ನಿಮಗೆ ಇದೇ ಜಾಸ್ತಿ ಬೇಕಾಗುವುದು.

‘ಹಾವಳಿ’ ಮೊದಲು ನೆನಪಾಗುತ್ತದೆ. ನೆರೆ ಹಾವಳಿ ಎಂದರೆ ಹ್ಯಾವಕ್ ಸರಿಯೇ. ಆದರೆ ಸೊಳ್ಳೆ ಹಾವಳಿ, ಬೀದಿನಾಯಿ ಹಾವಳಿ, ದಲ್ಲಾಳಿಗಳ ಹಾವಳಿ? ಇವು ಹ್ಯಾವಕ್ ಅಲ್ಲ. ನಮ್ಮ ಇಂಗ್ಲಿಷ್ ಪತ್ರಿಕೆಗಳು ಇವಕ್ಕೆ ‘ಮೆನೇಸ್’ ಎನ್ನುತ್ತವೆ. ಕನ್ನಡದ ಹಾವಳಿ ಎರಡು ಕೆಲಸ ಮಾಡುತ್ತದೆ, ಇಂಗ್ಲಿಷಿನಲ್ಲಿ ಅವು ಬೇರೆಬೇರೆ ಪದಗಳಿಗೆ ಹಂಚಿಹೋಗಿವೆ. ಸಕಲೇಶಪುರ, ಆಲೂರು ಕಡೆಯ ಬೆಳೆಗಾರರು ಕಾಡಾನೆ ಹಾವಳಿ ಎನ್ನುವಾಗ ವರ್ಷವಿಡೀ ಇರುವ ಕಾಟವನ್ನೂ ಹೇಳುತ್ತಾರೆ, ನಿನ್ನೆ ರಾತ್ರಿ ತೋಟಕ್ಕೆ ನುಗ್ಗಿ ಬಾಳೆ, ಕಾಫಿ, ಪೈಪು ತುಳಿದದ್ದನ್ನೂ ಹೇಳುತ್ತಾರೆ. ಮೊದಲನೆಯದು ಮೆನೇಸ್. ಎರಡನೆಯದು ಹ್ಯಾವಕ್. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಯಾವುದು ಎಂದು ನೋಡಿಕೊಳ್ಳಿ. ಹ್ಯಾವಕ್ ಆಗಿಹೋದದ್ದು ಅಥವಾ ಆಗುತ್ತಿರುವುದು. ಆಗಬಹುದಾದ್ದರ ಭಯ ಮೆನೇಸ್.

‘ಅವಾಂತರ’ ಸುದ್ದಿಮನೆಯ ಮುದ್ದಿನ ಪದ. ಸಂಸ್ಕೃತದಲ್ಲಿ ಅದಕ್ಕೆ ಒಳಗಿನ, ನಡುವಿನ ಎಂಬ ಅರ್ಥ. ಕನ್ನಡಕ್ಕೆ ಬಂದು ಎಡವಟ್ಟಾಯಿತು. ‘ರಾದ್ಧಾಂತ’ದ ಕಥೆ ಇನ್ನೂ ಮಜಾ. ಸಂಸ್ಕೃತದಲ್ಲಿ ಅದು ಸಿದ್ಧಾಂತದ ಇನ್ನೊಂದು ಹೆಸರು. ನಮ್ಮಲ್ಲಿ ರಂಪಾಟ. ಪಂಡಿತರ ವಾದ ನೋಡಿದ ಯಾರೋ ಇಟ್ಟ ಅರ್ಥ ಇರಬೇಕು ಎಂದು ನನಗೆ ತಮಾಷೆಯ ಅನುಮಾನ. ಅದಿರಲಿ. ಮಳೆ, ಸಾಫ್ಟ್‌ವೇರ್, ರಸ್ತೆ ಅಗೆತ ಇಂಥ ಕಡೆ ಅವಾಂತರ ಚೆನ್ನಾಗಿ ಹೊಂದುತ್ತದೆ. ಕುಡಿದವರು ಬಾರಿನಲ್ಲಿ ಕುರ್ಚಿ ಎಸೆದಾಡಿದರೆ ‘ದಾಂಧಲೆ’. ಮಳೆಯಿಂದ ಪಂದ್ಯದ ವೇಳಾಪಟ್ಟಿ ಕೆಟ್ಟರೆ ‘ಏರುಪೇರು’ ಸಾಕು. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕುವ ಹಟ ಬಿಡಿ. ಯಾರು ಮಾಡಿದರು, ಏನು ಕೆಟ್ಟಿತು ಎಂದು ನೋಡಿ ಆರಿಸಿ. ಒಂದು ಮಾತು ಮಾತ್ರ ಕೇಳಿ, ಹತ್ತು ನಿಮಿಷದ ಮಳೆಗೆಲ್ಲ ‘ವರುಣನ ರುದ್ರನರ್ತನ’ ಬೇಡ. ನಿಜವಾಗಿ ನೆರೆ ಬಂದ ದಿನ ಬರೆಯಲು ಪದವೇ ಉಳಿಯುವುದಿಲ್ಲ.

ರೀಕೋ ರೆಕ್ಕೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ‘ರೀಕ್’. ಡಬ್ಲ್ಯೂ, ಆರ್, ಇ, ಎ, ಕೆ. ಮೊದಲಿನ ಡಬ್ಲ್ಯೂ ಮೌನ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಓಡಿಸು, ಸೇಡು ತೀರಿಸು ಎಂಬ ಅರ್ಥಗಳಿದ್ದವು. ಸೇಡು ತೀರಿಸಿಕೊಳ್ಳುವುದಕ್ಕೆ ಈಗಲೂ ‘ರೀಕ್ ವೆಂಜನ್ಸ್’ ಎನ್ನುತ್ತಾರೆ. ಇವೆರಡು ಬಿಟ್ಟರೆ ಈ ಕ್ರಿಯಾಪದ ಹೊರಗೆ ಕಾಣಿಸಿಕೊಳ್ಳುವುದೇ ಅಪರೂಪ. ಅದಕ್ಕೇ ಜನಕ್ಕೆ ಗುರುತು ಸಿಗದೆ, ಗೊತ್ತಿರುವ ‘ರೆಕ್’ ಪದವನ್ನು ತಂದು ಅಂಟಿಸುತ್ತಾರೆ. ರೆಕ್ ಎಂದರೆ ಒಡೆದು ಹಾಕು. ‘ರೆಕ್ ಹ್ಯಾವಕ್’ ಎಂದರೆ ಅವಾಂತರವನ್ನೇ ಒಡೆದು ಹಾಕಿದಂತಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ತಪ್ಪು ಹುಡುಕುವ ಪ್ರಶ್ನೆಗೆ ಇದು ಹೇಳಿ ಮಾಡಿಸಿದ ಬಲೆ.

ಭೂತಕಾಲದಲ್ಲಿ ‘ರೀಕ್ಡ್’. ‘ರಾಟ್ ಹ್ಯಾವಕ್’ ಎಂದೂ ಒಳ್ಳೆಯ ಲೇಖಕರು ಬರೆಯುತ್ತಾರೆ. ಅದು ರೀಕ್ ಪದದ ಭೂತಕಾಲ ಅಲ್ಲ, ‘ವರ್ಕ್’ ಪದದ ಹಳೆಯ ಭೂತಕಾಲ. ರಾಟ್ ಐರನ್ ಗೇಟ್ ಎನ್ನುತ್ತೇವಲ್ಲ, ಅದೇ ರಾಟ್. ಅವಾಂತರವನ್ನು ‘ಮಾಡಿತು’ ಎಂಬ ಅರ್ಥ ಸರಿಹೋಗುವುದರಿಂದ ಅದನ್ನು ತಪ್ಪು ಎನ್ನಲಾಗದು. ನಿಮಗೆ ಅನುಮಾನವಿದ್ದರೆ ‘ಕಾಸ್ಡ್ ಹ್ಯಾವಕ್’ ಎಂದು ಬರೆದು ಮುಂದಿನ ಸಾಲಿಗೆ ಹೋಗಿ. ಯಾರೂ ಕೆಂಪು ಶಾಯಿ ಹಚ್ಚುವುದಿಲ್ಲ.

‘ಪ್ಲೇ ಹ್ಯಾವಕ್’ ಎಂದಾಗ ಮುಂದೆ ‘ವಿತ್’ ಬರುತ್ತದೆ. ಸಾಮಾನ್ಯವಾಗಿ ಅದು ಯೋಜನೆ, ನಿದ್ದೆ, ಜೀರ್ಣಶಕ್ತಿ ಇಂಥವು ಕೆಡುವುದಕ್ಕೆ. ರಾತ್ರಿ ಪಾಳಿ ನಿದ್ದೆಯ ಜೊತೆ ಹ್ಯಾವಕ್ ಆಡುತ್ತದೆ. ಕಟ್ಟಡ ಬಿದ್ದರೆ ಪ್ಲೇ ಬೇಡ. ರೀಕ್ ಜೊತೆ ‘ಆನ್’ ಅಥವಾ ‘ಇನ್’ ಬರುತ್ತದೆ. ಹ್ಯಾವಕ್ ಹಿಂದೆ ‘ಎ’ ಹಾಕಬೇಡಿ, ಕೊನೆಗೆ ‘ಎಸ್’ ಸೇರಿಸಬೇಡಿ. ನಮ್ಮ ಅವಾಂತರಗಳನ್ನು ಎಣಿಸಬಹುದು, ಇಂಗ್ಲಿಷಿನ ಹ್ಯಾವಕ್ಕನ್ನು ಎಣಿಸುವಂತಿಲ್ಲ.

ಈಗ ಗೆಳೆಯರ ವಾದ. ಕೇಳಲು ಚೆಂದ, ಆದರೆ ನಿಲ್ಲುವುದಿಲ್ಲ. ರಿಚರ್ಡ್ ರಾಜನ ನಿಯಮದಲ್ಲಿ ಈ ಪದ ಬಂದದ್ದು 1385ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದದ್ದು 1498ರಲ್ಲಿ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಹಾವಳಿ ಹಡಗು ಹತ್ತಿ ಅಲ್ಲಿಗೆ ಹೋಗುವಷ್ಟರಲ್ಲಿ ಹ್ಯಾವಕ್ ಅಲ್ಲಿ ಮುದುಕನಾಗಿತ್ತು. ಎರಡಕ್ಕೂ ‘ಹಾವ್’ ಸದ್ದು ಬಂದದ್ದು ಬರೀ ಕಾಕತಾಳೀಯ. ಇಂಗ್ಲಿಷಿನೊಳಗೇ ಇಂಥ ಇನ್ನೊಂದು ಕಾಕತಾಳೀಯ ಇದೆ. ಹಳೆಯ ಇಂಗ್ಲಿಷಿನಲ್ಲಿ ಗಿಡುಗಕ್ಕೆ ‘ಹಾವೊಕ್’ ಎನ್ನುವಂಥದೇ ಹೆಸರಿತ್ತು. ಗಿಡುಗ ಎರಗುವುದಕ್ಕೂ ಹ್ಯಾವಕ್ಕಿಗೂ ನಂಟು ಕಟ್ಟಲು ಆಸೆಯಾಗುತ್ತದೆ. ಅದೂ ಅಲ್ಲ.

ಗೆಳೆಯರಿಗೆ ತೀರಾ ಬೇಜಾರಾದರೆ ‘ಲೂಟ್’ ಪದ ಕೊಡಿ. ಸೂರೆಗೆ ಇಂಗ್ಲಿಷಿನಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಬಳಸುವ ಆ ಪದ ಹೋದದ್ದು ನಮ್ಮ ದೇಶದಿಂದಲೇ, ಹಿಂದಿಯ ಮೂಲಕ. ಕನ್ನಡದ ಲೂಟಿಯೂ ಅದೇ ಬಳಗ. ಕಂಪನಿಯ ಕಾಲದಲ್ಲಿ ಇಲ್ಲಿಗೆ ಬಂದವರು ಆ ಪದ ಕಲಿತರು, ಕೆಲಸವನ್ನೂ ಚೆನ್ನಾಗಿ ಮಾಡಿದರು.

ನೀವು ಕೇಳದೇ ಇದ್ದರೂ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ಹಳೆಯ ಪುಸ್ತಕಗಳಲ್ಲಿ ಹ್ಯಾವಕ್ ಕೊನೆಗೆ ‘ಸಿ’ ಜೊತೆ ‘ಕೆ’ ಕಂಡರೆ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ. 1755ರ ಜಾನ್ಸನ್ ನಿಘಂಟಿನಲ್ಲೂ ಹಾಗೇ ಇದೆ. ಆ ‘ಕೆ’ ಈಗ ಬಿದ್ದುಹೋಗಿದೆ. ಆದರೆ ಅಪರೂಪಕ್ಕೆ ಇದನ್ನು ಕ್ರಿಯಾಪದವಾಗಿ ಬಳಸಿ ಕೊನೆಗೆ ‘ಇಡಿ’ ಅಥವಾ ‘ಐಎನ್‌ಜಿ’ ಸೇರಿಸಿದರೆ ಮತ್ತೆ ಬರುತ್ತದೆ, ಪಿಕ್‌ನಿಕ್, ಪ್ಯಾನಿಕ್, ಟ್ರಾಫಿಕ್ ಪದಗಳಿಗೆ ಬರುವ ಹಾಗೆ. ನಿಮ್ಮ ಸುದ್ದಿಮನೆಯಲ್ಲಿ ಅದರ ಅಗತ್ಯ ಬೀಳಲಾರದು.